ಬೇಲೆಕಾನಿನ ದಾರಿಯಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ಅವತ್ತು ನಿಮ್ಮ ಹೆಸರು ಕೇಳಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೋಕರ್ಣದ ಕುಡ್ಲೆ ಬೀಚ್‌ನಿಂದ ಸೈಕಲ್ಲಿನಲ್ಲಿ ಹೊರಟು, ಓಂ ಬೀಚ್ ದಾಟಿ, ಹಾಫ್ ಮೂನ್ ಬೀಚ್ ಕಡೆಯ ಗುಡ್ಡ ಹತ್ತಿದ್ದೆ. ಬಲಕ್ಕೆ ಸಮುದ್ರ, ಚಕ್ರದ ಕೆಳಗೆ ಒರಟು ಮುರಕಲ್ಲು. ಎಷ್ಟೋ ಕಡೆ ಸೈಕಲ್ ಹೊತ್ತೇ ನಡೆಯಬೇಕು. ಆದರೂ ಆ ದಾರಿಯಷ್ಟು ಚಂದದ್ದು ನಾನು ಬೇರೆ ಕಂಡಿಲ್ಲ. ಪ್ಯಾರಡೈಸ್ ಬೀಚ್‌ಗೆ ಇಳಿಯುವಾಗ ಹಿಂದಿನ ಡಿರೇಲರ್, ಅಂದರೆ ಗೇರ್ ಬದಲಿಸುವ ಭಾಗ, ಕಲ್ಲಿಗೆ ಬಡಿದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಿತು. ಫ್ರೇಮ್ ಉಳಿಯಲಿ ಅಂತಲೇ ಆ ತುಂಡನ್ನು ಮೆತ್ತಗೆ ಮಾಡಿರುತ್ತಾರೆ, ಅಲ್ವಾ? ಆದರೆ ಅದಿಲ್ಲದೆ ಗೇರೂ ಇಲ್ಲ, ಚೈನೂ ನಿಲ್ಲುವುದಿಲ್ಲ. ನೀರು ಮುಗಿದಿತ್ತು. ಬಿಸಿಲು ಜಾಸ್ತಿ. ನಿಜಕ್ಕೂ ಹೆದರಿದ್ದೆ.

ಬೇಲೆಕಾನ್ ಕಡೆಯಿಂದ ಹಳೇ ಸೈಕಲ್ ತಳ್ಳಿಕೊಂಡು ನೀವು ಬಂದಿರಿ. ಏನಾಯ್ತು ಅಂತ ಕೇಳಿ, ಅಲ್ಲೇ ಕೂತಿರಿ. ನನ್ನ ಬ್ಯಾಗಿನಲ್ಲಿ ಚೈನಿನ ಪಿನ್ ಒತ್ತಿ ಬಿಚ್ಚುವ, ಜೋಡಿಸುವ ಚೈನ್ ಟೂಲ್ ಇತ್ತು, ಬಳಸಲು ಬರುತ್ತಿರಲಿಲ್ಲ. ನೀವು ಡಿರೇಲರ್ ಬಿಚ್ಚಿದಿರಿ. ಚೈನ್ ಕತ್ತರಿಸಿ ಗಿಡ್ಡ ಮಾಡಿ, ನಡುವಿನ ಹಲ್ಲುಚಕ್ರಕ್ಕೆ ನೇರವಾಗಿ ಕೂರಿಸಿದಿರಿ. ಒಂದೇ ಗೇರಿನ ಸೈಕಲ್ ಆಯಿತು! ಪಿನ್ ಒತ್ತುವುದನ್ನು ನನ್ನ ಕೈಯಲ್ಲೂ ಒಮ್ಮೆ ಮಾಡಿಸಿದಿರಿ. ದುಡ್ಡು ಕೊಡಲು ಹೋದರೆ ಸುಮ್ನೆ ಕೈ ಸರಿಸಿದಿರಿ.

ಅದೇ ಸೈಕಲ್ಲಿನಲ್ಲಿ ತದಡಿ ತಲುಪಿದೆ. ದೋಣಿಯಲ್ಲಿ ಅಘನಾಶಿನಿ ನದಿ ದಾಟಿ, ಕತ್ತಲಾಗುವ ಮೊದಲೇ ಕುಮಟಾದಲ್ಲಿದ್ದೆ. ಈಗ ಹೊಸ ಹ್ಯಾಂಗರ್ ಬಂದಿದೆ. ದೀಪಾವಳಿ ಕಳೆದ ಮೇಲೆ ಅದೇ ದಾರಿಯಲ್ಲಿ ಬರುತ್ತೇನೆ. ಆ ಚೈನ್ ಟೂಲ್ ನಿಮಗೇ ಅಂತ ತೆಗೆದಿಟ್ಟಿದ್ದೇನೆ.