ಪಾಠದ ಅಂಕಕ್ಕೂ ಲೆಕ್ಕ ಇರಲಿ

ಮಾನ್ಯ ಸಂಪಾದಕರೇ,

ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ 150 ಪ್ರಶ್ನೆಗೆ 150 ಅಂಕ. ಕೀ ಉತ್ತರ ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಶಿಕ್ಷಕ ತರಬೇತಿಯಲ್ಲಿರುವ ಬಿ.ಇಡಿ. ಪ್ರಶಿಕ್ಷಣಾರ್ಥಿ ಶಾಲೆಯಲ್ಲಿ ಮಾಡುವ ಪಾಠಕ್ಕೆ ಬೀಳುವ ಅಂಕಕ್ಕೆ ಹಲವೆಡೆ ಇಂಥ ಕಾವಲೇ ಇಲ್ಲ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಗಳು ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಶಾಲೆಯಲ್ಲಿನ ಕೆಲಸಕ್ಕೆ 20 ವಾರ ಕೊಟ್ಟವು. ಅಷ್ಟು ವಾರ ದುಡಿದವರ ಹಣೆಬರಹ ಎಷ್ಟೋ ಸಲ ಒಂದು 40 ನಿಮಿಷದ ಪರೀಕ್ಷಾ ಪಾಠದಲ್ಲಿ ತೀರ್ಮಾನವಾಗುತ್ತದೆ. ಆ ಪಾಠವನ್ನು ಮೊದಲೇ ಒಮ್ಮೆ ಮಾಡಿ, ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸುವುದೂ ಉಂಟು.

ಎಡವಟ್ಟಾಗುವುದು ಪಾಠ ನೋಡುವವರು ಸಾಲು ಸಾಲಾಗಿ ಅಂಕ ತುಂಬುವ ವೀಕ್ಷಣಾ ಹಾಳೆಯಲ್ಲಿ. ‘ತರಗತಿ ನಿರ್ವಹಣೆ’ ಎಂಬ ಸಾಲಿಗೆ ಸದ್ದಿಲ್ಲದ ಕೋಣೆಯೇ ಮಾದರಿ. ಆರು, ಏಳನೇ ತರಗತಿಗಳನ್ನು ಒಟ್ಟಿಗೆ ಕೂರಿಸಿದ ಹಳ್ಳಿ ಶಾಲೆಯಲ್ಲಿ ಒಂದು ಗುಂಪು ಗಟ್ಟಿಯಾಗಿ ಓದುತ್ತಿದ್ದರೆ ಅದು ಕಲಿಕೆ, ಗಲಾಟೆಯಲ್ಲ. ‘ಕಲಿಕೋಪಕರಣ’ದ ಸಾಲಿನಲ್ಲಿ ಪ್ರೊಜೆಕ್ಟರ್‌ಗೆ ಸಿಗುವ ಅಂಕ ಹುಣಸೆಬೀಜದ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನು ಉಚ್ಚಾರ: ‘ಹ’ಕಾರ ‘ಅ’ಕಾರ ಬೆರೆಸಿದ ಗಣಿತದ ಪ್ರಶಿಕ್ಷಣಾರ್ಥಿಗೆ ಪ್ರಶ್ನಿಸುವ ಕೌಶಲದಲ್ಲೂ ಅಂಕ ಕಡಿತ! ಭಾಷಾ ಪಾಠದಲ್ಲಿ ಅದನ್ನು ಅದರದೇ ಸಾಲಿನಲ್ಲಿ ಎಣಿಸಿ, ಸರಿ. ಗಣಿತದಲ್ಲಿ ಮಗುವಿಗೆ ಭಿನ್ನರಾಶಿ ಅರ್ಥವಾಯಿತೇ ಎಂದು ನೋಡಬೇಕು. ಕಣ್ಣು ಕಾಣದವರ ಹಾಳೆಯಲ್ಲಿ ‘ಕಪ್ಪುಹಲಗೆ ಬರಹ’ದ ಸಾಲೇ ಇರಬಾರದು, ಅದೇ ಅಂಕವನ್ನು ಮೌಖಿಕ ವಿವರಣೆಗೋ ಸ್ಪರ್ಶ ಸಾಮಗ್ರಿಗೋ ಕೊಡಬೇಕು.

ಇದಕ್ಕೆ ತದ್ವಿರುದ್ಧವಾಗಿ, ಎಲ್ಲರಿಗೂ ಹತ್ತಕ್ಕೆ ಒಂಬತ್ತು ಹಾಕಿ ಕೈತೊಳೆದುಕೊಳ್ಳುವ ಔದಾರ್ಯವೂ ತಪ್ಪು. ನೇಮಕಾತಿಯ ಮೆರಿಟ್‌ಗೆ ಬಿ.ಇಡಿ. ಅಂಕ ಸೇರುವಾಗ, ಬಿಗಿಯಾಗಿ ಅಂಕ ಕೊಟ್ಟ ಕಾಲೇಜಿನವರು ಹಿಂದೆ ಬೀಳುತ್ತಾರೆ.

ಇದಕ್ಕೆ ಪರಿಹಾರ: ಪ್ರತಿ ಪ್ರಶಿಕ್ಷಣಾರ್ಥಿಯ ಕನಿಷ್ಠ ಐದು ಪಾಠಗಳನ್ನು ಬೇರೆ ಬೇರೆ ವಾರಗಳಲ್ಲಿ ನೋಡಬೇಕು, ಎರಡನ್ನು ಮುನ್ಸೂಚನೆ ಇಲ್ಲದೆ. ಶಾಲೆಯ ಮಾರ್ಗದರ್ಶಕ ಶಿಕ್ಷಕರು, ಕಾಲೇಜಿನ ಉಪನ್ಯಾಸಕರು ಪರಸ್ಪರ ಮಾತಾಡುವ ಮೊದಲೇ ಅಂಕ ಬರೆದಿಡಬೇಕು. ಹತ್ತಕ್ಕೆ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಸರಾಸರಿ ತೆಗೆದು ಮುಚ್ಚಿಹಾಕದೆ ಇನ್ನೊಂದು ಪಾಠ ನೋಡಲಿ. ಹಾಳೆಯ ತಲೆಯಲ್ಲಿ ಹಾಜರಾತಿ, ಒಂದೇ ಕೋಣೆಯ ತರಗತಿಗಳು, ಲಭ್ಯ ಸಾಮಗ್ರಿ ನಮೂದಾಗಲಿ. ‘ಉತ್ತಮ’ ಎಂಬ ಒಂದು ಪದಕ್ಕೆ ಬೆಲೆಯಿಲ್ಲ. ‘12ನೇ ನಿಮಿಷ: ತಪ್ಪು ಉತ್ತರ ಕೊಟ್ಟ ಮಗುವಿಗೆ ಸುಳಿವು ಕೊಟ್ಟು ಮತ್ತೆ ಕೇಳಿದರು’ ಎಂದು ಬರೆದರೆ ಯಾರು ಬೇಕಾದರೂ ಪರಿಶೀಲಿಸಬಹುದು. ಅದರ ಪ್ರತಿ ಅಂದೇ ಪ್ರಶಿಕ್ಷಣಾರ್ಥಿಯ ಕೈಗೆ ಸಿಗಲಿ, ಆಕ್ಷೇಪಣೆಗೆ ಏಳು ದಿನ ಇರಲಿ. ವಿಶ್ವವಿದ್ಯಾಲಯವು ಪ್ರತಿ ಕಾಲೇಜಿನಿಂದ ಕೆಲವು ಹಾಳೆಗಳನ್ನು ತರಿಸಿ ತಾಳೆ ನೋಡಿದ ಮೇಲೆಯೇ ಆಂತರಿಕ ಅಂಕ ಅಂತಿಮವಾಗಲಿ.

– ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಿಸುವ ಶಿಕ್ಷಕರು