ಕಾಲೇಜಿನ ವೆಬ್‌ಸೈಟನ್ನು ಮಕ್ಕಳು ಎಲ್ಲಿವರೆಗೆ ನೋಡುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ಪ್ರವೇಶದ ಸಮಯ ಬಂತೆಂದರೆ ನಿಮ್ಮ ಪತ್ರಿಕೆಯ ಕೊಪ್ಪಳ, ರಾಯಚೂರು ಪುಟಗಳಲ್ಲಿ ಕಾಲೇಜುಗಳ ಜಾಹೀರಾತೇ ಜಾಹೀರಾತು. ಎಲ್ಲದರ ಕೊನೆಗೂ ಒಂದೇ ಸಾಲು: ‘ಹೆಚ್ಚಿನ ಮಾಹಿತಿಗೆ ವೆಬ್‌ಸೈಟ್ ನೋಡಿ’. ನಾನು ಗಂಗಾವತಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ, ಹಾಗಾಗಿ ಅದನ್ನು ನೋಡುವುದೇ ನನ್ನ ಕೆಲಸ. ಎಷ್ಟೋ ಸೈಟುಗಳಲ್ಲಿ ಪುಟ ತೆರೆದರೆ ಮೊದಲು ಓಡುವ ಫೋಟೊಗಳು, ಆಮೇಲೆ ಅಧ್ಯಕ್ಷರ ಸಂದೇಶ, ಪ್ರಾಂಶುಪಾಲರ ಸಂದೇಶ, ಧ್ಯೇಯೋದ್ದೇಶ, ಯಾರಿಗೋ ಶಾಲು ಹೊದಿಸುತ್ತಿರುವ ಚಿತ್ರ. ಶುಲ್ಕ ಎಷ್ಟು, ಕೊನೇ ದಿನ ಯಾವತ್ತು, ಯಾವ ದಾಖಲೆ ಬೇಕು ಅನ್ನುವುದು ಎಲ್ಲಕ್ಕಿಂತ ಕೆಳಗೆ. ಅದೂ ಅಡ್ಡಡ್ಡ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ.

ಕೇಳಿದರೆ ‘ನಮ್ಮ ಸೈಟಿಗೆ ಇಷ್ಟು ಸಾವಿರ ಜನ ಬಂದಿದ್ದಾರೆ’ ಎಂದು ಕೌಂಟರ್ ತೋರಿಸುತ್ತಾರೆ. ಬಂದವರು ಎಲ್ಲಿವರೆಗೆ ನೋಡಿದರು? ಅದು ಯಾರಿಗೂ ಗೊತ್ತಿಲ್ಲ. ತಿಳಿದುಕೊಳ್ಳಲು ದುಡ್ಡೂ ಬೇಕಿಲ್ಲ. ಸೈಟಿಗೆ ಬಂದವರು ಏನು ಮಾಡಿದರು ಎಂದು ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಪುಕ್ಕಟೆ ಸಿಗುತ್ತದೆ. ಅದರ ಹಳೇ ಆವೃತ್ತಿ 2023ರ ಜುಲೈನಲ್ಲಿ ನಿಂತಿತು, ಈಗಿನದು ನೋಡುವವರು ಪುಟದ ಶೇ 90ರಷ್ಟು ಕೆಳಗೆ ತಲುಪಿದಾಗ ತಾನೇ ‘ಸ್ಕ್ರಾಲ್’ ಎಂದು ಗುರುತು ಹಾಕಿಕೊಳ್ಳುತ್ತದೆ. ಆದರೆ ಅಷ್ಟೇ ಇದ್ದರೆ ಸಾಲದು. ಎರಡನೇ ಫೋಟೊಕ್ಕೇ ಬೇಸತ್ತು ಹೋದವನೂ ಮುಕ್ಕಾಲು ಪುಟ ಓದಿದವಳೂ ಲೆಕ್ಕದಲ್ಲಿ ಒಂದೇ ಆಗುತ್ತಾರೆ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಾವೇ ಹೇಳಿಕೊಡುವ ಗೂಗಲ್ ಟ್ಯಾಗ್ ಮ್ಯಾನೇಜರ್ ಎಂಬ ಸಾಧನದಲ್ಲಿ ಪುಟದ ಶೇ 25, 50, 75 ಅಂತ ಗೆರೆ ಹಾಕಿಕೊಳ್ಳಬಹುದು. ಅದೂ ಪುಕ್ಕಟೆ.

ಆದರೆ ಅಂಕಿ ಸಿಕ್ಕಿತು ಅಂತ ಕುಣಿಯುವುದೂ ಬೇಡ. ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಕೂತ ಮೂರು ಕಾಲಂಗಳು ಫೋನಿನಲ್ಲಿ ಒಂದರ ಕೆಳಗೊಂದು ಬರುತ್ತವೆ, ಪುಟ ಉದ್ದವಾಗುತ್ತದೆ, ಅಲ್ಲಿಯ ಅರ್ಧವೇ ಬೇರೆ ಇಲ್ಲಿಯ ಅರ್ಧವೇ ಬೇರೆ. ಎರಡನ್ನೂ ಕೂಡಿಸಿ ನೋಡಿದರೆ ಏನೂ ಅರ್ಥವಾಗಲ್ಲ. ನಮ್ಮ ಕಡೆ ಮಕ್ಕಳು ನೋಡುವುದು ಜಾಸ್ತಿ ಫೋನಿನಲ್ಲೇ ಅಲ್ವಾ? ಪುಟ ಚಿಕ್ಕದಿದ್ದರೆ ಬೆರಳು ಮುಟ್ಟುವ ಮೊದಲೇ ಟ್ಯಾಗ್ ಮ್ಯಾನೇಜರ್ ‘ಕೊನೆ ಮುಟ್ಟಿದರು’ ಎಂದುಬಿಡುತ್ತದೆ, ಯಾಕೆಂದರೆ ಕೊನೆ ಆಗಲೇ ಪರದೆಯ ಮೇಲಿರುತ್ತದೆ. ಇನ್ನು ಪಿಡಿಎಫ್ ತೆರೆದ ಮೇಲೆ ಅದರೊಳಗೆ ಎಷ್ಟು ಪುಟ ಓದಿದರು ಎಂಬುದು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಕೆಳಗಿನವರೆಗೆ ಹೋದರು ಅಂದರೆ ಓದಿದರು ಅಂತಲ್ಲ. ಪಾಠದ ನೋಟ್ಸ್ ಇರುವ ಪುಟದಲ್ಲಿ ಹುಡುಗಿಯೊಬ್ಬಳು ನಿಧಾನಕ್ಕೆ ಕೊನೆ ಮುಟ್ಟಿದರೆ ಸಂತೋಷ. ಪ್ರವೇಶದ ಪುಟದಲ್ಲಿ ಎಲ್ಲರೂ ನಾಲ್ಕೈದು ಸೆಕೆಂಡಿನಲ್ಲಿ ತಳ ಮುಟ್ಟುತ್ತಿದ್ದರೆ ಅವರು ಹುಡುಕುತ್ತಿದ್ದಾರೆ ಎಂದರ್ಥ, ಸಿಗುತ್ತಿಲ್ಲ ಎಂದರ್ಥ. ಎಷ್ಟು ದೂರ ಎಂಬುದರ ಜೊತೆ ಎಷ್ಟು ಹೊತ್ತು ಎಂಬುದನ್ನೂ ನೋಡಬೇಕು. ಜನ ವೆಬ್‌ಸೈಟುಗಳನ್ನು ಹೇಗೆ ಬಳಸುತ್ತಾರೆಂದು ಸಂಶೋಧಿಸುವ ನೀಲ್ಸನ್ ನಾರ್ಮನ್ ಗ್ರೂಪ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ, ಕಣ್ಣು ಎಲ್ಲಿ ನೋಡುತ್ತದೆಂದು ಅಳೆದ ಅಧ್ಯಯನದಲ್ಲಿ, ಕಂಪ್ಯೂಟರಿನಲ್ಲಿ ಪುಟ ನೋಡುವ ಸಮಯದ ಶೇ 57ರಷ್ಟು ಮೊದಲ ಪರದೆಯಲ್ಲೇ, ಅಂದರೆ ಕೆಳಗೆ ಸರಿಸುವ ಮೊದಲೇ ಕಾಣುವ ಜಾಗದಲ್ಲೇ, ಕಳೆದುಹೋಗಿತ್ತು. ಆ ಜಾಗವನ್ನು ನಾವು ಶಾಲಿನ ಫೋಟೊಕ್ಕೆ ಕೊಟ್ಟಿದ್ದೇವೆ!

ನಮ್ಮ ಭಾಗಕ್ಕೆ ಇದರ ಪೆಟ್ಟು ಜಾಸ್ತಿ. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಇಲ್ಲಿಯವರಿಗೆ ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ತರಬೇಕು. ಅರ್ಜಿ ಹಾಕಿದ ಗಳಿಗೆಗೇ ಅದು ಕೈಗೆ ಬರುವುದಿಲ್ಲ. ಕಾರಟಗಿ, ಕನಕಗಿರಿ ಕಡೆಯ ಹುಡುಗರು ಕೊನೇ ದಿನ ನನ್ನ ಅಂಗಡಿಗೆ ಬಂದು ‘ಅಣ್ಣಾ, ಇದೂ ಬೇಕಂತ ಗೊತ್ತೇ ಇರಲಿಲ್ಲ’ ಎನ್ನುತ್ತಾರೆ. ಸೈಟಿನಲ್ಲಿ ಬರೆದಿರುತ್ತದೆ, ಸುಳ್ಳಲ್ಲ. ಅಷ್ಟು ಕೆಳಗೆ ಹೋದವರಿಗೆ ಮಾತ್ರ ಕಾಣುತ್ತದೆ.

ಅಳೆಯುವ ಭರದಲ್ಲಿ ಒಬ್ಬೊಬ್ಬರ ಬೆರಳಿನ ಓಡಾಟವನ್ನು ವಿಡಿಯೊ ಥರ ಹಿಡಿದಿಡುವ ಸಾಧನಗಳನ್ನು ದಯವಿಟ್ಟು ಹಾಕಬೇಡಿ. ಪಿಯುಸಿ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ 18 ತುಂಬಿರುವುದಿಲ್ಲ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಪ್ರಕಾರ ಅವರು ಮಕ್ಕಳೇ. ನೂರಕ್ಕೆ ಎಷ್ಟು ಜನ ಎಲ್ಲಿವರೆಗೆ ಹೋದರು ಎಂಬ ಒಟ್ಟು ಲೆಕ್ಕ ಸಾಕು, ಯಾರು ಹೋದರು ಎಂಬುದು ಬೇಡ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳು ಮುಂದಿನ ಪ್ರವೇಶ ಶುರುವಾಗುವ ಮೊದಲು ಫೋನಿನ ಲೆಕ್ಕವನ್ನು ಬೇರೆ ತೆಗೆದು ನೋಡಲಿ. ಶುಲ್ಕ, ಕೊನೇ ದಿನ, ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲಿ ಟೈಪ್ ಮಾಡಿ ಮೊದಲ ಪರದೆಗೆ ತರಲಿ. ಅಧ್ಯಕ್ಷರ ಸಂದೇಶ ಕೆಳಗೆ ಹೋದರೆ ಅಧ್ಯಕ್ಷರೇನೂ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ. ಮಾಡಿಕೊಂಡರೆ, ಅದನ್ನು ಎಷ್ಟು ಜನ ಓದುತ್ತಿದ್ದರು ಎಂಬ ಲೆಕ್ಕವೂ ಅಷ್ಟು ಹೊತ್ತಿಗೆ ಕೈಯಲ್ಲಿರುತ್ತದೆ.

ಇಂತಿ,
ಗಂಗಾವತಿಯ ಓದುಗ, ಕೊಪ್ಪಳ ಜಿಲ್ಲೆ