ಗಿಣಿಗೇರಾದಲ್ಲಿ ಸಿಕ್ಕ ಲಾರಿ ಅಣ್ಣನಿಗೆ

ಕೊಪ್ಪಳದ ಹತ್ತಿರ ಗಿಣಿಗೇರಾದಲ್ಲಿ ನನ್ನ ಕಾರಿನ ಸದ್ದು ಕೇಳಿ ಕೈ ಅಡ್ಡ ಹಾಕಿದ ಲಾರಿ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇ ಬಿಟ್ಟಿರಿ.

ಹಂಪ್ ಹತ್ತಿಸಿದರೆ ಮುಂದಿನ ಎಡಗಡೆ ಟಕ್ ಟಕ್. ಬ್ರೇಕ್ ಒತ್ತಿದರೆ ಸ್ಟೇರಿಂಗ್ ಒಂದು ಕಡೆ ಎಳೆಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಅಂದಿದ್ದರು. ನೀವು ಜಾಕ್ ಕೊಟ್ಟು, ಲೋವರ್ ಆರ್ಮ್ (ಚಕ್ರವನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಕೆಳಗಿನ ತೋಳು) ಸಂದಿಗೆ ರಾಡ್ ಹಾಕಿ ಮೀಟಿದಿರಿ ಅಷ್ಟೇ. ಆ ಆರ್ಮ್ ಗಾಡಿಗೆ ಸೇರುವ ಕಡೆ ಬುಷ್ ಅಂತ ರಬ್ಬರ್ ಸುತ್ತಿದ ಕೊಳವೆ ಇರುತ್ತದೆ; ಆರ್ಮಿನ ಹಿಂದಿನ ಬುಷ್‌ನ ರಬ್ಬರ್ ಸುತ್ತಲೂ ಹರಿದು, ನಡುವಿನ ಕಬ್ಬಿಣದ ಕೊಳವೆ ಅತ್ತಿತ್ತ ಅಲ್ಲಾಡುತ್ತಿತ್ತು. “ಶಾಕ್ ಚಲೋ ಅದಾವ್ರಿ ಸರ, ಬುಷ್ ಹೋಗ್ಯಾವ” ಅಂದಿರಿ.

ಇನ್ನೊಂದು ಮಾತು ಹೇಳಿದಿರಿ, ಅದು ಬಲು ಉಪಯೋಗಕ್ಕೆ ಬಂತು. ಹೊಸ ಬುಷ್ ಪ್ರೆಸ್‌ನಲ್ಲೇ (ಒತ್ತಿ ಕೂರಿಸುವ ಯಂತ್ರ) ಕೂರಿಸಬೇಕು. ಆರ್ಮ್ ಬೋಲ್ಟನ್ನು ಗಾಡಿ ಕೆಳಗಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಪೂರ್ತಿ ಬಿಗಿಯಬೇಕು. ಎತ್ತಿದಾಗಲೇ ಬಿಗಿದರೆ, ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕೊಪ್ಪಳದಲ್ಲಿ ಎದುರು ನಿಂತು ಹಾಗೇ ಮಾಡಿಸಿದೆ, ಎರಡೂ ಕಡೆ. ಆಮೇಲೆ ವೀಲ್ ಅಲೈನ್‌ಮೆಂಟ್. ಸದ್ದು ಹೋಯಿತು, ಎಳೆತವೂ ಇಲ್ಲ. ಎರಡು ಶಾಕ್ ರೇಟಿನ ಮುಂದೆ ಈ ಖರ್ಚು ಏನೇನೂ ಅಲ್ಲ ಬಿಡಿ.

ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ ಅಣ್ಣಾ. ಅವತ್ತು ಚಹಾದ ದುಡ್ಡೂ ನೀವೇ ಕೊಟ್ಟು ಹೋಗಿದ್ದೀರಿ!